'ಶೇ 47' ಮಂದಿಯ ಲೆಕ್ಕ: ಒಂದು ಸ್ಪಷ್ಟನೆ

'ಅಮೆರಿಕದಲ್ಲಿ ಶೇ 47 ಮಂದಿ ತೆರಿಗೆಯನ್ನೇ ಕಟ್ಟುವುದಿಲ್ಲ, ಸರ್ಕಾರಿ ನೆರವಿನಲ್ಲೇ ಬದುಕುತ್ತಾರೆ, ಅವರ ಮತವೆಲ್ಲ ಡೆಮಾಕ್ರಟಿಕ್ ಪಕ್ಷಕ್ಕೆ' ಎಂಬ ಮಾತು ಈಗಲೂ ಹರಿದಾಡುತ್ತಿದೆ. ಇದರ ಮೂಲ 2012ರಲ್ಲಿ ರಿಪಬ್ಲಿಕನ್ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿ ಮಿಟ್ ರಾಮ್ನಿ ದೇಣಿಗೆದಾರರ ಮುಂದೆ ಆಡಿದ ಮಾತು.

ಆ ಅಂಕಿ ಒಕ್ಕೂಟದ (ಕೇಂದ್ರ ಸರ್ಕಾರದ) ಆದಾಯ ತೆರಿಗೆಗೆ ಮಾತ್ರ ಸಂಬಂಧಿಸಿದ್ದು. ಸಂಬಳದ ಚೀಟಿ ನೋಡಿದರೆ ವಿಷಯ ತಿಳಿಯುತ್ತದೆ. ಇಬ್ಬರು ಮಕ್ಕಳಿರುವ, ವರ್ಷಕ್ಕೆ 25,000 ಡಾಲರ್ ದುಡಿಯುವ ಕುಟುಂಬಕ್ಕೆ ವಿನಾಯಿತಿ, ಮಕ್ಕಳ ರಿಯಾಯಿತಿ ಕಳೆದ ಮೇಲೆ ಆದಾಯ ತೆರಿಗೆ ಸೊನ್ನೆ. ಆದರೆ ಸೋಶಿಯಲ್ ಸೆಕ್ಯುರಿಟಿಗೆ (ಸರ್ಕಾರಿ ಪಿಂಚಣಿ ಯೋಜನೆ) ಶೇ 6.2, ಮೆಡಿಕೇರ್‌ಗೆ (ಹಿರಿಯರ ಸರ್ಕಾರಿ ಆರೋಗ್ಯ ವಿಮೆ) ಶೇ 1.45, ಒಟ್ಟು 1,912 ಡಾಲರ್ 50 ಸೆಂಟ್ ಮೊದಲ ಡಾಲರಿನಿಂದಲೇ ಕಡಿತವಾಗುತ್ತದೆ. ಮಾರಾಟ ತೆರಿಗೆ ಬೇರೆ. ಇಂಥವರನ್ನು ತೆರಿಗೆ ಕಟ್ಟದವರು ಎನ್ನುವುದು ಅನ್ಯಾಯ.

ಮತದ ಮಾತೂ ಅರ್ಧ ಸತ್ಯ. ಆದಾಯ ತೆರಿಗೆ ಕಟ್ಟದವರಲ್ಲಿ ಪಿಂಚಣಿ ನೆಚ್ಚಿದ ಹಿರಿಯರೂ ಬಹಳ. 2012ರ ಮತಗಟ್ಟೆ ಸಮೀಕ್ಷೆಯಲ್ಲಿ 65 ದಾಟಿದವರ ಪೈಕಿ ಶೇ 56 ಮಂದಿ ರಾಮ್ನಿಗೇ ಮತ ಹಾಕಿದ್ದರು.

ಹಾಗೆಂದು 'ಬಡ ರಾಜ್ಯವಾದ ಮಿಸಿಸಿಪ್ಪಿ ರಾಮ್ನಿಯನ್ನು ಗೆಲ್ಲಿಸಿತು, ಆದ್ದರಿಂದ ನೆರವು ಪಡೆಯುವವರೇ ರಿಪಬ್ಲಿಕನ್ನರು' ಎಂಬ ಪ್ರತಿವಾದವೂ ನಿಲ್ಲುವುದಿಲ್ಲ. ರಾಜ್ಯದ ಸರಾಸರಿಯು ಅಲ್ಲಿನ ಒಬ್ಬೊಬ್ಬರ ಮತವನ್ನು ಹೇಳದು. ಅದೇ ಸಮೀಕ್ಷೆಯಲ್ಲಿ, ದೇಶದಾದ್ಯಂತ 50,000 ಡಾಲರ್‌ಗಿಂತ ಕಡಿಮೆ ಆದಾಯದವರಲ್ಲಿ ಡೆಮಾಕ್ರಟಿಕ್ ಅಭ್ಯರ್ಥಿ ಒಬಾಮಗೆ ಶೇ 60, ರಾಮ್ನಿಗೆ ಶೇ 38. ಜೊತೆಗೆ, ಮತಗಟ್ಟೆಗೆ ಬಾರದವರ ಪಾಲು ಹೆಚ್ಚು ಆದಾಯದವರಿಗಿಂತ ಕಡಿಮೆ ಆದಾಯದವರಲ್ಲಿ ಹೆಚ್ಚು. ಅವರು ಯಾವ ಪಕ್ಷದ ಲೆಕ್ಕದಲ್ಲೂ ಇಲ್ಲ.