ತಾಕೋಯಾಕಿಯ ಆಚೆಗಿನ ಒಸಾಕಾ

ಜಪಾನಿನ ಒಸಾಕಾ ನಗರದ ಊಟ-ತಿಂಡಿಗಳ ಕುರಿತು ನಾನು ಓದಿದ ಲೇಖನವೊಂದು ಅಲ್ಲಿನ ದೋತೊಂಬೋರಿ ಪ್ರದೇಶದ ತಾಕೋಯಾಕಿ (ಆಕ್ಟೋಪಸ್ ತುಂಡಿಟ್ಟ ಹಿಟ್ಟಿನ ಉಂಡೆ), ಒಕೊನೊಮಿಯಾಕಿ (ಎಲೆಕೋಸು ಬೆರೆಸಿದ ದಪ್ಪ ದೋಸೆಯಂಥದ್ದು) ಇವುಗಳಲ್ಲೇ ಬಹುಪಾಲು ಮುಗಿದಿರುವುದರಿಂದ, ಆ ನಗರದ ಅಡುಗೆಗೆ ಆಧಾರವಾದ ದಾಶಿ ಎಂಬ ತಿಳಿಸಾರಿನ ಬಗ್ಗೆ ಕೆಲವು ಮಾತು ಸೇರಿಸಬೇಕೆನಿಸಿತು. ಎದೊ ಕಾಲದಲ್ಲಿ (17ರಿಂದ 19ನೇ ಶತಮಾನದವರೆಗೆ) ದಾಶಿ ಮಾಡಲು ಬೇಕಾದ, ಉತ್ತರದ ಹೊಕ್ಕೈದೊ ಕಡೆಯ ಕೊಂಬು ಎಂಬ ಕಡಲಪಾಚಿಯು ಜಪಾನ್ ಸಮುದ್ರದ ಕರಾವಳಿಯುದ್ದಕ್ಕೂ ಸಾಗಿಬರುತ್ತಿದ್ದ ಸರಕು ಹಡಗುಗಳಲ್ಲಿ ಒಸಾಕಾದ ವರ್ತಕರ ಕೈಸೇರುತ್ತಿತ್ತು. ಅಕ್ಕಿಯ ವ್ಯಾಪಾರಕ್ಕೂ ಕೇಂದ್ರವಾಗಿದ್ದ ಈ ಊರು ‘ದೇಶದ ಅಡುಗೆಮನೆ’ ಎನಿಸಿಕೊಂಡದ್ದು ಇಂತಹ ವಹಿವಾಟಿನಿಂದಲೇ.

ದಾಶಿಯ ರುಚಿಯನ್ನು ಅರಿಯಲು, ಸಾರಿನಲ್ಲಿ ಬಡಿಸುವ ದಪ್ಪ ಗೋಧಿ ನೂಡಲ್ಸ್ ಆದ ಕಿತ್ಸುನೆ ಉದೋನ್‌ಗಿಂತ ಒಳ್ಳೆಯ ತಿನಿಸು ನನಗೆ ತೋರದು. ಟೋಕಿಯೊದ ಉದೋನ್ ಸಾರು ಸೋಯಾ ಸಾಸ್‌ನಿಂದ ಕಪ್ಪಗಿದ್ದರೆ ಒಸಾಕಾದ್ದು ಹೊನ್ನಿನ ಬಣ್ಣದ ತಿಳಿಸಾರು. ಮೇಲಿಟ್ಟ ಸಿಹಿಯಾದ ಕರಿದ ತೋಫು ಅದನ್ನು ಹೀರಿಕೊಂಡು ಕಚ್ಚಿದಾಗ ಬಾಯ್ತುಂಬ ರಸ ಬಿಡುತ್ತದೆ.

ಆದರೆ ಇದನ್ನು ಸಸ್ಯಾಹಾರಿಗಳಿಗೆ ಲೇಖಕರು ಸೂಚಿಸಿರುವುದು ಸರಿಯಲ್ಲ. ಆ ಸಾರಿನಲ್ಲಿ ಕೊಂಬುವಿನ ಜೊತೆಗೆ ಸಾಮಾನ್ಯವಾಗಿ ಒಣಮೀನಿನ ತೆಳು ಹೆರೆಗಳೂ ಬೆಂದಿರುತ್ತವೆ, ಬಟ್ಟಲಲ್ಲಿ ಮೀನಿನ ತುಂಡು ಕಾಣದ ಕಾರಣ ನಮ್ಮ ಕಡೆಯ ಪ್ರವಾಸಿಗರಿಗೆ ಅದು ತಿಳಿಯುವುದೇ ಇಲ್ಲ. ಮೀನು ತಿನ್ನದವರು ಬರಿ ಕೊಂಬುವಿನ ದಾಶಿ ಇದೆಯೇ ಎಂದು ಮೊದಲೇ ಕೇಳಬೇಕು, ಇಲ್ಲವೇ ಬೌದ್ಧ ದೇವಾಲಯಗಳ ಸಂಪ್ರದಾಯದ ಶೋಜಿನ್ ಅಡುಗೆ ಬಡಿಸುವ ಕಡೆ ಹೋಗಬೇಕು.

ಶಿನ್ಸೆಕಾಯಿ ಬಡಾವಣೆಯ ಕುಶಿಕಾತ್ಸು (ಕಡ್ಡಿಗೆ ಚುಚ್ಚಿ ಕರಿದ ಮಾಂಸ, ತರಕಾರಿ) ಅಂಗಡಿಗಳನ್ನು ಲೇಖನ ಹೊಗಳಿರುವುದು ಯೋಗ್ಯವೇ. ಎಲ್ಲರಿಗೂ ಒಂದೇ ಸಾಸ್ ಪಾತ್ರೆಯಿಟ್ಟಿರುವ ಕಡೆ ಕಡ್ಡಿಯನ್ನು ಕಚ್ಚುವ ಮುನ್ನ ಒಮ್ಮೆ ಮಾತ್ರ ಅದ್ದಬೇಕೆಂಬ ಕಟ್ಟುನಿಟ್ಟನ್ನೂ ಅಲ್ಲಿ ತಿಳಿಸಿದ್ದರೆ ಹೊಸಬರಿಗೆ ಉಪಕಾರವಾಗುತ್ತಿತ್ತು. ಕುರೊಮೊನ್ ಮಾರುಕಟ್ಟೆ ಈಗ ಹೆಚ್ಚಾಗಿ ಪ್ರವಾಸಿಗರನ್ನೇ ನೆಚ್ಚಿಕೊಂಡಿರುವುದರಿಂದ, ಊರಿನವರ ನಡುವೆ ಕುಳಿತು ಉಣ್ಣಬಯಸುವವರು ಸುಮಾರು 2.6 ಕಿಲೋಮೀಟರ್ ಉದ್ದದ ತೆಂಜಿನ್‌ಬಾಶಿಸುಜಿ ಅಂಗಡಿಬೀದಿಯಲ್ಲಿ ಒಂದು ಸಂಜೆ ಕಳೆಯುವುದು ಒಳಿತು.