ಕಿಟಕಿ ತೆರೆದು ಮಲಗುವವರಿಗೆ ಯಾವ ಸೆನ್ಸರ್?

ಮನೆಗೆ ಕಳ್ಳರ ಅಲಾರಂ ಹಾಕಿಸ್ತಾ ಇದ್ದೀವಿ, ಕಿಟಕಿಗೆ ಯಾವ ಸೆನ್ಸರ್ ಒಳ್ಳೇದು ಅಂತ ಈಚೆಗೆ ಸುಮಾರು ಜನ ಕೇಳಿದರು. ನಾನು ತಿರುಗಿ ಕೇಳುವುದು ಒಂದೇ: ರಾತ್ರಿ ಕಿಟಕಿ ಮುಚ್ಚಿ ಮಲಗುತ್ತೀರಾ, ತೆರೆದು ಮಲಗುತ್ತೀರಾ? ಎಲ್ಲರ ಉತ್ತರವೂ ಒಂದೇ. ಗಾಳಿ ಬೇಡ್ವಾ ಮಾರಾಯ್ರೇ, ಸೊಳ್ಳೆ ಮೆಶ್ ಎಳೆದು ಗಾಜು ತೆಗೆದೇ ಇಟ್ಟಿರುತ್ತೇವೆ.

ಹಾಗಾದರೆ ಅಂಗಡಿಯಲ್ಲಿ ವಿಂಡೋ ಸೆನ್ಸರ್ ಅಂತ ಕೊಡುವ ಮಾಮೂಲಿ ಸಾಮಾನು ನಿಮ್ಮ ರಾತ್ರಿಗೆ ಅಲ್ಲ.

ಆ ಮಾಮೂಲಿ ಸೆನ್ಸರಿನಲ್ಲಿ ಎರಡು ತುಂಡು ಇರುತ್ತವೆ. ಚೌಕಟ್ಟಿಗೆ ಒಂದು, ಕಿಟಕಿಯ ಬಾಗಿಲಿಗೆ ಒಂದು ಅಯಸ್ಕಾಂತ. ಚೌಕಟ್ಟಿನ ತುಂಡಿನೊಳಗೆ ಪುಟ್ಟ ಗಾಜಿನ ಕೊಳವೆ, ಅದರಲ್ಲಿ ಎರಡು ತೆಳ್ಳಗಿನ ಲೋಹದ ಪಟ್ಟಿ. ಅಯಸ್ಕಾಂತ ಪಕ್ಕದಲ್ಲಿದ್ದರೆ ಪಟ್ಟಿಗಳು ಕೂಡಿರುತ್ತವೆ, ದೂರ ಹೋದರೆ ಬಿಟ್ಟುಕೊಳ್ಳುತ್ತವೆ, ಸೈರನ್ ಹೊಡೆಯುತ್ತದೆ. ಈ ರೀಡ್ ಸ್ವಿಚ್ ಅನ್ನು 1936ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನ ವಾಲ್ಟರ್ ಎಲ್‌ವುಡ್ ಕಂಡುಹಿಡಿದರು. ಬಾಗಿಲು, ಕಿಟಕಿ ತೆರೆದರೆ ಗಂಟೆ ಬಾರಿಸುವ ವಿದ್ಯುತ್ ಅಲಾರಂ ಅದಕ್ಕಿಂತ ಹಳೆಯದು. ಬಾಸ್ಟನ್ ಪಕ್ಕದ ಸಾಮರ್‌ವಿಲ್‌ನ ಆಗಸ್ಟಸ್ ಪೋಪ್ ಅದಕ್ಕೆ 1853ರಲ್ಲೇ ಪೇಟೆಂಟ್ ತೆಗೆದುಕೊಂಡಿದ್ದರು. ಅಲ್ಲಿನ ಚಳಿಗೆ ಕಿಟಕಿ ಮುಚ್ಚಿರುತ್ತದೆ, ಗ್ರಿಲ್ ಇರುವುದಿಲ್ಲ, ಕಳ್ಳ ಬರಬೇಕಾದರೆ ತೆರೆಯಲೇಬೇಕು. ನಮ್ಮಲ್ಲಿ ಪೂರ್ತಿ ಉಲ್ಟಾ. ಕಿಟಕಿ ನಾವೇ ತೆರೆದಿಟ್ಟಿರುತ್ತೇವೆ, ಕಳ್ಳನನ್ನು ತಡೆಯುವುದು ಕಬ್ಬಿಣದ ಗ್ರಿಲ್. ಗ್ರಿಲ್ ಬಿಟ್ಟು ಗಾಜಿಗೆ ಸೆನ್ಸರ್ ಹಚ್ಚುವುದರಲ್ಲಿ ಏನು ಅರ್ಥ?

ಗ್ರಿಲ್ ಇರುವ ಮನೆಗೆ ರಾತ್ರಿ ಕಳ್ಳ ಬರುವ ದಾರಿ ಮೂರೇ ಮೂರು. ಸಲಾಕೆ ನಡುವೆ ಕೋಲು ತೂರಿಸಿ ಚಾರ್ಜಿಗೆ ಇಟ್ಟ ಮೊಬೈಲು, ಗೂಟಕ್ಕೆ ಹಾಕಿದ ಪ್ಯಾಂಟು ಎಳೆಯುವುದು ಒಂದು. ಮುಂಬಾಗಿಲ ಪಕ್ಕದ ಕಿಟಕಿಯಿಂದ ಕೈ ಹಾಕಿ ಒಳಗಿನ ಚಿಲಕ ತೆಗೆಯುವುದು ಇನ್ನೊಂದು. ಗ್ರಿಲ್ ಅನ್ನೇ ಕತ್ತರಿಸುವುದು ಅಥವಾ ಕಿತ್ತು ತೆಗೆಯುವುದು ಮೂರನೆಯದು. ಕೈ ಹಾಕಿದರೆ ಅದೇನು ಮನೆಗೆ ನುಗ್ಗಿದಂತಾಯ್ತಾ ಅನ್ನಬೇಡಿ. ಗೋಡೆಗೆ ಕನ್ನ ಹಾಕಿ ಆ ತೂತಿನಲ್ಲಿ ಕೈ ತೂರಿಸಿದರೂ ಅದು ಮನೆಗನ್ನವೇ ಅಂತ 1860ರ ದಂಡ ಸಂಹಿತೆಯ 445ನೇ ಕಲಮಿನಲ್ಲಿ ಉದಾಹರಣೆ ಸಮೇತ ಬರೆದಿತ್ತು. 2024ರ ಜುಲೈ 1ರಿಂದ ಅದರ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಕಳ್ಳನ ಕೈ ಮಾತ್ರ ಹಳೇದೇ.

ಹಾಗಾಗಿ ನನ್ನ ಮೊದಲ ದುಡ್ಡು ವೈಬ್ರೇಷನ್ ಸೆನ್ಸರಿಗೆ. ಅದನ್ನು ಗಾಜಿಗಲ್ಲ, ಗ್ರಿಲ್ಲಿಗೇ ಒಳಗಡೆಯಿಂದ, ಹೊರಗಿನ ಕೈಗೆ ಎಟುಕದ ಕಡೆ ಕೂರಿಸಬೇಕು. ಹ್ಯಾಕ್ಸಾ ಉಜ್ಜಿದರೆ, ಜಾಕ್ ಕೊಟ್ಟು ಸಲಾಕೆ ಬಗ್ಗಿಸಿದರೆ, ಸ್ಕ್ರೂ ತಿರುಗಿಸಿದರೆ ಕಂಬಿ ಅದುರುತ್ತದೆ, ಅದು ಹಿಡಿಯುತ್ತದೆ. ಅಂದರೆ ಕಳ್ಳ ಇನ್ನೂ ಹೊರಗಿರುವಾಗಲೇ ಸೈರನ್. ಒಳಗೆ ಬಂದಮೇಲೆ ಕೂಗಿ ಏನು ಪ್ರಯೋಜನ? ಆದರೆ ಸೆನ್ಸಿಟಿವಿಟಿ ಹೊಂದಿಸಲು ಬರುವುದನ್ನೇ ಕೊಳ್ಳಿ. ಒಂದು ಏಟಿಗೆ ಸುಮ್ಮನಿದ್ದು, ಸ್ವಲ್ಪ ಹೊತ್ತಿನಲ್ಲಿ ಎರಡು ಮೂರು ಏಟು ಬಿದ್ದರೆ ಮಾತ್ರ ಕೂಗುವಂಥದ್ದಾದರೆ ಇನ್ನೂ ಒಳ್ಳೇದು. ಇಲ್ಲದಿದ್ದರೆ ಬೆಕ್ಕು ಹಾರಿದರೂ, ಪಕ್ಕದ ಸೈಟಿನಲ್ಲಿ ಬೋರ್‌ವೆಲ್ ಕೊರೆದರೂ ಮನೆಮಂದಿಯೆಲ್ಲ ಎದ್ದು ಕೂರಬೇಕು. ಹಾಗೆ ನಾಲ್ಕು ರಾತ್ರಿ ಎದ್ದವರು ಐದನೇ ರಾತ್ರಿ ಅಲಾರಂ ಆಫ್ ಮಾಡಿ ಮಲಗುತ್ತಾರೆ.

ಗ್ರಿಲ್ ಮಾತು ಬಂತಲ್ಲ, ಒಂದು ವಿಷಯ. ಹಳೇ ಮನೆಗಳಲ್ಲಿ ಸಲಾಕೆ ಮರದ ಚೌಕಟ್ಟಿನೊಳಕ್ಕೇ ಹೋಗಿರುತ್ತಿತ್ತು. ಈಗಿನ ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಕಿಟಕಿಗಳಲ್ಲಿ ಎಷ್ಟೋ ಕಡೆ ಗ್ರಿಲ್ ಅನ್ನು ಹೊರಗಿನಿಂದ ನಾಲ್ಕಾರು ಸ್ಕ್ರೂ ಹೊಡೆದು ನಿಲ್ಲಿಸಿರುತ್ತಾರೆ. ಹೊರಗೆ ಹೋಗಿ ನಿಮ್ಮ ಕಿಟಕಿ ನೋಡಿ. ಪ್ಲಸ್ ಆಕಾರದ ಸ್ಕ್ರೂ ತಲೆ ಕಾಣಿಸಿದರೆ, ಸೆನ್ಸರ್ ಆಮೇಲೆ, ಮೊದಲು ಅದನ್ನು ಬಿಚ್ಚಲಾಗದ ಒನ್‌ವೇ ಸ್ಕ್ರೂಗೆ ಬದಲಾಯಿಸಿ.

ಕೈ ಮತ್ತು ಕೋಲಿನ ಕಳ್ಳತನಕ್ಕೆ ವೈಬ್ರೇಷನ್ ಸಾಲದು, ಗ್ರಿಲ್ ಮುಟ್ಟದೇನೇ ಕೈ ಒಳಗೆ ಬರಬಹುದು. ಅದಕ್ಕೆ ಕರ್ಟನ್ ಪಿಐಆರ್, ಅಂದರೆ ಮೈಯ ಶಾಖ ಗುರುತಿಸುವ ಸೆನ್ಸರ್ ಬೇಕು. ಕಿಟಕಿಯ ಮೇಲ್ಗಡೆ, ಒಳಗೋಡೆಗೆ ಹಾಕಿದರೆ ತೆಳ್ಳಗಿನ ಪಟ್ಟಿಯಂತೆ ಕೆಳಗೆ ನೋಡುತ್ತಿರುತ್ತದೆ. ಮೈಯ ಶಾಖ ಆ ಪಟ್ಟಿ ದಾಟಿದರೆ ಸೈರನ್. ನೀವು ಮಂಚದ ಮೇಲೆ ಹೊರಳಾಡಿದರೆ ಅದಕ್ಕೆ ಸಂಬಂಧವಿಲ್ಲ. ಬಟ್ಟೆಯ ಪರದೆ ಗಾಳಿಗೆ ಹಾರಿ ಅಡ್ಡ ಬರದ ಹಾಗೆ, ಪರದೆಗೂ ಗ್ರಿಲ್ಲಿಗೂ ನಡುವೆ ಕೂರಿಸಬೇಕು. ಇದರ ಎರಡು ಗೋಳು ಕ್ಯಾಟಲಾಗಿನಲ್ಲಿ ಇರುವುದಿಲ್ಲ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಗೋಡೆಯೂ ಮೈಯಷ್ಟೇ ಕಾದಿರುವಾಗ ಇದರ ಕಣ್ಣು ಮಂಜಾಗುತ್ತದೆ. ಮತ್ತೆ ನಮ್ಮ ಹಲ್ಲಿ! ಲೆನ್ಸಿನ ಮೇಲೇ ಓಡಾಡಿದರೆ ಅಲಾರಂ ಗ್ಯಾರಂಟಿ. ಬಲ್ಬಿನ ಪಕ್ಕ ಹಾಕಬೇಡಿ, ಹುಳಕ್ಕೆ ಹಲ್ಲಿ ಬರುತ್ತದೆ. ಬರೀ ಕೋಲು ಬಂದರೆ ಅದಕ್ಕೆ ಶಾಖ ಇಲ್ಲ, ಪಿಐಆರ್‌ಗೆ ಕಾಣದೇ ಹೋಗಬಹುದು. ಆ ಕಿಟಕಿ ಪಕ್ಕ ಮೊಬೈಲ್ ಚಾರ್ಜಿಗೆ ಹಾಕದಿರುವುದೇ ದಾರಿ.

ಅಯಸ್ಕಾಂತದ ಸೆನ್ಸರ್ ದಂಡ ಅಂತಲ್ಲ. ಮುಂಬಾಗಿಲಿಗೆ ಅದೇ ಬೇಕು, ಯಾಕಂದ್ರೆ ಕೈ ಹಾಕಿ ಚಿಲಕ ತೆಗೆದವನು ಆಮೇಲೆ ಬಾಗಿಲು ತಳ್ಳಲೇಬೇಕು. ಮೂರು ಟ್ರ್ಯಾಕಿನ ಸ್ಲೈಡಿಂಗ್ ಕಿಟಕಿಯಲ್ಲಿ ಅಯಸ್ಕಾಂತವನ್ನು ಗಾಜಿನ ಬಾಗಿಲಿಗಲ್ಲ, ಮೆಶ್ ಬಾಗಿಲಿಗೆ ಹಚ್ಚಿ. ರಾತ್ರಿ ಮುಚ್ಚಿರುವುದು ಅದೊಂದೇ ಅಲ್ವಾ? ಮೆಶ್ ಕೊಯ್ದರೆ ಗೊತ್ತಾಗುವುದಿಲ್ಲ, ಸರಿಸಿದರೆ ಗೊತ್ತಾಗುತ್ತದೆ. ಗಾಜು ಸ್ವಲ್ಪ ಮಾತ್ರ ತೆರೆದಿಡುವವರು ಆ ಅಳತೆಗೆ ಎರಡನೇ ಅಯಸ್ಕಾಂತ ಹಚ್ಚಬಹುದು. ಅಷ್ಟು ತೆರೆದಾಗಲೂ ಸೆನ್ಸರ್ ಮುಚ್ಚಿದೆ ಅಂತಲೇ ತಿಳಿಯುತ್ತದೆ, ಅದಕ್ಕಿಂತ ಜಾಸ್ತಿ ಸರಿದರೆ ಕೂಗುತ್ತದೆ.

ಗಾಜು ಒಡೆದ ಸದ್ದು ಕೇಳುವ ಸೆನ್ಸರ್ ಬೇಡ. ತೆರೆದ ಕಿಟಕಿಯ ಗಾಜನ್ನು ಯಾರು ಒಡೀತಾರೆ?

ಪ್ಯಾನೆಲ್, ಅಂದರೆ ಸೆನ್ಸರುಗಳೆಲ್ಲ ಸುದ್ದಿ ಕಳಿಸುವ ಅಲಾರಂನ ಮುಖ್ಯ ಪೆಟ್ಟಿಗೆ, ಕೊಳ್ಳುವಾಗ ಎರಡು ಮಾತು ಕೇಳಿ. ಕರೆಂಟ್ ಹೋದರೆ ತನ್ನದೇ ಬ್ಯಾಟರಿಯಲ್ಲಿ ಓಡುತ್ತಾ? ಸೆನ್ಸರಿನ ಬ್ಯಾಟರಿ ಸತ್ತರೆ ಹೇಳುತ್ತಾ? 433 ಮೆಗಾಹರ್ಟ್ಸ್‌ನ ಅಗ್ಗದ ವೈರ್‌ಲೆಸ್ ಸೆನ್ಸರುಗಳಲ್ಲಿ ಎಷ್ಟೋ ಒನ್‌ವೇ, ಕೂಗುವುದಷ್ಟೇ ಗೊತ್ತು. ಸತ್ತು ಬಿದ್ದರೂ ಪ್ಯಾನೆಲ್ಲಿಗೆ ಸುದ್ದಿ ಇಲ್ಲ. ಆ್ಯಪ್ ನೋಟಿಫಿಕೇಷನ್ ನಂಬಬೇಡಿ, ರಾತ್ರಿ ಮೊಬೈಲ್ ಸೈಲೆಂಟ್. ಗಟ್ಟಿ ಸೈರನ್ ಬೇಕೇ ಬೇಕು. ಅದು ಕೂಗಿದರೆ ಕಿಟಕಿ ಹತ್ತಿರ ಹೋಗದೆ 112ಕ್ಕೆ ಫೋನ್ ಮಾಡಿ.

ಇನ್ನೊಂದು, ನೈಟ್ ಮೋಡ್‌ನಲ್ಲಿ ಅಡುಗೆಮನೆ ಕಿಟಕಿಯನ್ನು ಬೇರೆ ಝೋನ್ ಮಾಡಿಸಿ, ಅಂದರೆ ಅದೊಂದನ್ನೇ ಪ್ರತ್ಯೇಕವಾಗಿ ಆನ್, ಆಫ್ ಮಾಡಲು ಬರಬೇಕು. ಬೆಳಿಗ್ಗೆ ಐದಕ್ಕೆ ಎದ್ದು ಹಾಲು ಕಾಯಿಸುವ ಅಮ್ಮ ಮೆಶ್ ಸರಿಸಿದ್ದಕ್ಕೆ ಇಡೀ ಬೀದಿ ಏಳಬಾರದು ನೋಡಿ.

ಮಲೆನಾಡಿನವರು ಇದ್ದರೆ ಹೇಳಿ, ಗ್ರಿಲ್ ಹಿಡಿದು ಅಲ್ಲಾಡಿಸುವ ಕೋತಿಗಳ ನಡುವೆ ವೈಬ್ರೇಷನ್ ಸೆನ್ಸರ್ ಇಟ್ಟುಕೊಂಡು ಹೇಗೆ ಬಾಳುತ್ತಿದ್ದೀರಿ? ಕೋತಿ ಕತ್ತಲಾದ ಮೇಲೆ ಬರಲ್ಲ ಅನ್ನುವುದು ನನ್ನ ಧೈರ್ಯ. ಹಗಲು ಆ ಝೋನ್ ಆಫ್ ಇಟ್ಟರೆ ಸಾಕು ಅನಿಸುತ್ತದೆ.