ಸಾರ್, ಪಿನ್ ಹೇಳಿ ಸಾರ್!

ಮದುವೆಯಾಗಿ ಎಷ್ಟೋ ವರ್ಷವಾದರೂ ಹೆಂಡತಿಗೆ ಎಟಿಎಂ ಪಿನ್ ಹೇಳದ ಗಂಡಸರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಯಾರಿಗೂ ಹೇಳಬೇಡಿ ಅಂತ ಬ್ಯಾಂಕಿನವರೇ ಮೆಸೇಜ್ ಕಳಿಸಿದ್ದಾರಲ್ಲ, ಅದಕ್ಕೆ. ಅದೇ ಯಜಮಾನ ಭಾನುವಾರ ರಾತ್ರಿ ಹೋಟೆಲಿನಲ್ಲಿ ಊಟ ಮುಗಿಸಿ ಕಾರ್ಡ್ ಕೊಡುತ್ತಾನೆ. ಸಪ್ಲೈಯರ್ ಅದನ್ನು ಹಿಡಿದು ಕೌಂಟರಿಗೆ ಹೋಗುತ್ತಾನೆ. ಮಷೀನಿಗೆ ನೆಟ್‌ವರ್ಕ್ ಸಿಗುವುದು ಅಲ್ಲಿ ಮಾತ್ರ. ಅಲ್ಲಿಂದಲೇ ಕೂಗುತ್ತಾನೆ, 'ಸಾರ್, ಪಿನ್ ಹೇಳಿ ಸಾರ್!' ಯಜಮಾನ ಸೋಂಪು ಅಗಿಯುತ್ತಲೇ ಕೂಗಿ ಹೇಳುತ್ತಾನೆ. ಕೇಳಿಸಲಿಲ್ಲ ಅಂದರೆ ಇನ್ನೊಂದು ಸಲ, ಒಂದೊಂದೇ ಅಂಕಿ ಬಿಡಿಸಿ. ಹೆಂಡತಿಗೆ ಪಿನ್ ಗೊತ್ತಾಗುವುದು ಹಾಗೆ. ಪಕ್ಕದ ಟೇಬಲ್ಲಿನವರಿಗೂ.

ಅದೂ ಎಂಥ ಪಿನ್ ಅಂತೀರಿ? ನಾಲ್ಕಂಕಿಯಲ್ಲಿ ಹತ್ತು ಸಾವಿರ ನಂಬರ್ ಮಾಡಬಹುದು. ಇವನು ಹುಡುಕಿ ಹುಡುಕಿ ಇಟ್ಟಿರುವುದು ತಾನು ಹುಟ್ಟಿದ ಇಸವಿ.

ರಿಸರ್ವ್ ಬ್ಯಾಂಕಿಗೂ ಇದೆಲ್ಲ ಸಾಕಾಗಿರಬೇಕು. 2021ರ ಜನವರಿಯಿಂದ 5,000 ರೂಪಾಯಿವರೆಗೆ ಪಿನ್ ಇಲ್ಲದೆ ಟ್ಯಾಪ್ ಮಾಡಿ ಅಂದುಬಿಟ್ಟಿತು. ಗುಟ್ಟು ಇಟ್ಟುಕೊಳ್ಳಲು ಬರದವರಿಗೆ ಗುಟ್ಟೇ ಬೇಡ! ದಾರಿಯಲ್ಲಿ ಬಿದ್ದ ಕಾರ್ಡ್ ಸಿಕ್ಕವನಿಗೂ ಅದೇ ಸೌಕರ್ಯ. ಇನ್ನು ಸಿವಿವಿ, ಆನ್‌ಲೈನಿನಲ್ಲಿ ದುಡ್ಡು ಕಟ್ಟುವಾಗ ಕೇಳುವ ನಂಬರ್. ಯಾರಿಗೂ ತೋರಿಸಬಾರದ ಆ ಮೂರಂಕಿಯನ್ನು ಕಾರ್ಡಿನ ಬೆನ್ನ ಮೇಲೇ ಅಚ್ಚು ಹಾಕಿ ಕೊಡುತ್ತಾರೆ.

ಬ್ಯಾಂಕಿನವರು ಗುಟ್ಟು ಕಾಪಾಡುವ ರೀತಿ ಇನ್ನೂ ಚೆನ್ನ. ತಿಂಗಳ ಸ್ಟೇಟ್‌ಮೆಂಟ್ ಇಮೇಲಿನಲ್ಲಿ ಬರುತ್ತದೆ, ಪಾಸ್‌ವರ್ಡ್ ಹಾಕಿ ಬೀಗ ಜಡಿದು. ಪಾಸ್‌ವರ್ಡ್ ಏನು ಅಂತ ಅದೇ ಇಮೇಲಿನಲ್ಲಿ ಬರೆದಿರುತ್ತದೆ: ನಿಮ್ಮ ಹೆಸರಿನ ಮೊದಲ ನಾಲ್ಕು ಅಕ್ಷರ, ಆಮೇಲೆ ಹುಟ್ಟಿದ ದಿನ ಮತ್ತು ತಿಂಗಳು. ಹೆಸರು ಇಮೇಲಿನ ನೆತ್ತಿಯಲ್ಲೇ ಇದೆ. ಹುಟ್ಟಿದ ದಿನಕ್ಕೆ ಫೇಸ್‌ಬುಕ್ಕಿನಲ್ಲಿ ಇಡೀ ಊರೇ ಶುಭಾಶಯ ಹೇಳಿದೆ.

2016ರಲ್ಲಿ ದೇಶದ ಸುಮಾರು 32 ಲಕ್ಷ ಡೆಬಿಟ್ ಕಾರ್ಡುಗಳ ಮಾಹಿತಿ ಕಳ್ಳರ ಕೈಗೆ ಸಿಕ್ಕಿರಬಹುದು ಅಂತ ಗಲಾಟೆಯಾಯಿತು. ಅದು ಯಾರೋ ಹೋಟೆಲಿನಲ್ಲಿ ಕೂಗಿದ್ದರಿಂದ ಆದದ್ದಲ್ಲ. ಎಟಿಎಂಗಳನ್ನು ನೋಡಿಕೊಳ್ಳುವ ಕಂಪನಿಯ ಕಂಪ್ಯೂಟರಿಗೆ ಮಾಲ್‌ವೇರ್ ಅನ್ನುವ ಕಳ್ಳ ಸಾಫ್ಟ್‌ವೇರ್ ನುಗ್ಗಿತ್ತು. ಆಗ ಎಷ್ಟೋ ಬ್ಯಾಂಕುಗಳು ಗಂಭೀರವಾಗಿ ನಮಗೆ ಬುದ್ಧಿ ಹೇಳಿದವು: ನಿಮ್ಮ ಪಿನ್ ಬದಲಾಯಿಸಿಕೊಳ್ಳಿ.

ದುಡ್ಡು ಹೋದರೆ ಏನು ಗತಿ? ರಿಸರ್ವ್ ಬ್ಯಾಂಕ್ 2017ರಲ್ಲಿ ಮಾಡಿದ ನಿಯಮದಲ್ಲಿ, ತಪ್ಪು ನಿಮ್ಮದೂ ಅಲ್ಲ, ಬ್ಯಾಂಕಿನದೂ ಅಲ್ಲ ಅಂತಾದರೆ, ಮೂರು ಕೆಲಸದ ದಿನದೊಳಗೆ ತಿಳಿಸಿದವರಿಗೆ ನಷ್ಟವಿಲ್ಲ. ಪಿನ್ ನೀವೇ ಬೇರೆಯವರಿಗೆ ಹೇಳಿದ್ದರೆ, ತಿಳಿಸುವ ತನಕ ಹೋದದ್ದೆಲ್ಲ ನಿಮ್ಮ ತಲೆಗೇ. ಹಾಗಾಗಿ 'ಪಿನ್ ಯಾರಿಗಾದರೂ ಹೇಳಿದ್ರಾ?' ಅಂತ ಕೇಳಿಯೇ ಕೇಳುತ್ತಾರೆ. ಎಲ್ಲರೂ 'ಛೆ ಛೆ, ಇಲ್ಲಪ್ಪ' ಅನ್ನುತ್ತಾರೆ. ಸುಳ್ಳಲ್ಲ. ಸಪ್ಲೈಯರಿಗೆ ಹೇಳಿದ್ದು ಹೇಳಿದ ಲೆಕ್ಕಕ್ಕೆ ಬರುತ್ತದೆ ಅಂತ ಯಾರಿಗೆ ನೆನಪಿರುತ್ತದೆ?

ಕಾರ್ಡ್ ಬ್ಲಾಕ್ ಮಾಡಿಸಲು ಫೋನ್ ಮಾಡಬೇಕಲ್ಲ, ಅದೂ ತಕ್ಷಣ. ದುಡ್ಡು ಹೋಯಿತು ಅಂತ ಮೆಸೇಜ್ ಬಂದಾಗ ನೀವು ಮೆಜೆಸ್ಟಿಕ್ ಬಸ್ಸಿನಲ್ಲಿ ನೇತಾಡುತ್ತಿರುತ್ತೀರಿ. ನೀವು ನೀವೇ ಅಂತ ರುಜುವಾತಾಗಲು ಪೂರ್ತಿ ಹೆಸರು, ಹುಟ್ಟಿದ ತಾರೀಕು, ತಾಯಿಯ ಹೆಸರು, ಕಾರ್ಡಿನ ಕೊನೆಯ ನಾಲ್ಕಂಕಿ ಎಲ್ಲ ಹೇಳಬೇಕು. ಹೇಳುತ್ತೀರಿ. ಕಂಡಕ್ಟರೂ ಸೇರಿ ಇಡೀ ಬಸ್ಸಿಗೆ ಕೇಳಿಸುತ್ತದೆ, ಬ್ಯಾಂಕಿನವರಿಗೊಬ್ಬರಿಗೆ ಬಿಟ್ಟು.

'ಸ್ವಲ್ಪ ಜೋರಾಗಿ ಹೇಳ್ತೀರಾ ಸಾರ್?'